ಅರ್ಧ ಲೋಟ

ನಳ ಬಂದು ಹತ್ತು ನಿಮಿಷವೂ ಆಗಿರಲಿಲ್ಲ. ಐದು ದಿನದ ಮೇಲೆ ಬಂದ ನೀರು ಮೊದಲು ಕೆಮ್ಮಿತು, ಒಂದಿಷ್ಟು ಕೆಂಪಗೆ ಕಾರಿತು, ಆಮೇಲೆ ತಿಳಿಯಾಗಿ ಕೊಡದ ಬಾಯಿಗೆ ಬೀಳತೊಡಗಿತು. ಅರುಣಾ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ತುಂಬಿದ್ದನ್ನು ಎತ್ತಿ ಒಳಗಿಟ್ಟು, ಖಾಲಿಯದನ್ನು ನಳದ ಕೆಳಗೆ ದೂಡುತ್ತಿದ್ದಳು. ಮೊದಲು ಕುಡಿಯುವ ನೀರಿನ ಎರಡು ತಾಮ್ರದ ಕೊಡ, ಆಮೇಲೆ ಸ್ಟೀಲಿನ ಮೂರು, ಆಮೇಲೆ ಬಚ್ಚಲದ ಹಂಡೆ, ಕಡೆಗೆ ನೀಲಿ ಬ್ಯಾರಲ್. ಈ ಕ್ರಮ ಅವಳೇ ಮಾಡಿಕೊಂಡದ್ದು. ಬೇರೆ ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಕೊಡ ತುಂಬುತ್ತ ಬಂದಂತೆ ನೀರಿನ ದನಿ ಸಣ್ಣದಾಗುತ್ತದೆ. ಬೆನ್ನು ಮಾಡಿ ನಿಂತರೂ ಇನ್ನೆಷ್ಟು ಬೊಗಸೆ ಬಾಕಿ ಎಂದು ಅವಳ ಕಿವಿಗೆ ತಿಳಿಯುತ್ತದೆ. ಇಂಥ ಸಣ್ಣ ಜಾಣತನಗಳು ಅವಳಲ್ಲಿ ಎಷ್ಟೋ ಇವೆ. ಯಾರೂ ಕೇಳಿಲ್ಲವಾದ್ದರಿಂದ ಅವಳೂ ಹೇಳಿಲ್ಲ. ಎರಡನೆಯ ತಾಮ್ರದ ಕೊಡ ಕುತ್ತಿಗೆಮಟ್ಟ ಬಂದಾಗ ಕಿಟಕಿಯಲ್ಲಿಟ್ಟ ಫೋನು ಬಡಿದುಕೊಂಡಿತು.

ಶಾಲೆಯದು. ಸ್ನೇಹಾನ ತಾಯಿ ಏನ್ರಿ ಎಂದು ಕ್ಲಾಸಿನ ಮಿಸ್ಸು ಕೇಳಿದಳು, ಯಾವಾಗಲೂ ಕೇಳುವಂತೆ. ಫೋನಿನಲ್ಲಿ ಅರುಣಾ ಎಂಬ ತನ್ನ ಹೆಸರು ಕೇಳಿ ಅವಳಿಗೆ ಬಹಳ ದಿನಗಳಾಗಿದ್ದವು. ಮತ್ತೆ ಆಗಿದೆ, ಬೇರೆ ಬಟ್ಟೆ ತೆಗೆದುಕೊಂಡು ಬರಬೇಕು, ಬಂದವರು ಹಾಗೇ ಹೋಗದೆ ಹೆಡ್ ಮಿಸ್ಸನ್ನು ಕಾಣಬೇಕು. ಆ ಎಳೆ ಮಿಸ್ಸಿನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಗುತ್ತಲದಿಂದ ದಿನಾ ಎರಡು ಬಸ್ಸು ಬದಲಿಸಿ ಬರುವವಳು. ಹೂಂ ಎಂದು ಫೋನಿಟ್ಟ ಮೇಲೆ ಅರುಣಾಳ ತಲೆಯಲ್ಲಿ ಮೊಟ್ಟಮೊದಲು ಬಂದದ್ದು ಮಗಳ ಮುಖವಲ್ಲ. ಅರ್ಧ ಲೋಟ ನೀರನ್ನಷ್ಟೇ ಕೊಟ್ಟಿದ್ದೆನಲ್ಲ, ಹೇಗಾಯಿತು ಎಂಬ ಯೋಚನೆ. ಅದು ಮೊದಲು ಬಂತಲ್ಲ ಎಂದು ಅವಳ ಮೈ ಬಿಸಿಯಾಯಿತು. ಕೊಡ ತುಂಬಿ ಹರಿದು ಪಾದ ತೋಯಿಸುತ್ತಿತ್ತು. ಬೆಳಿಗ್ಗೆ ಎಂಟಕ್ಕೆ ನಡುಮನೆಯಲ್ಲಿ ಬೂಟು ಹಾಕಿಸಿಕೊಳ್ಳುತ್ತ ಸ್ನೇಹಾ ಇನ್ನೊಂದು ಗುಟುಕು ಎಂದು ಲೋಟ ಚಾಚಿದ್ದಳು. ಸಾಕು, ಬಂದ ಮೇಲೆ ಕುಡಿಯುವಿಯಂತೆ ಎಂದು ಅರುಣಾ ಲೋಟವನ್ನು ಬೋರಲು ಹಾಕಿದ್ದಳು. ಐದೂವರೆ ವರ್ಷದ ಮಗು. ಮನೆಯಲ್ಲಿ ಬಾಯಿಗೆ ಬಿಡುವಿಲ್ಲ. ಶಾಲೆಯ ಗೇಟು ದಾಟಿದರೆ ತುಟಿ ಹೊಲಿದಂತೆ. ಜೂನಿನಿಂದ ಈ ಫೆಬ್ರುವರಿಯತನಕ ಅಲ್ಲಿ ಒಂದು ಅಕ್ಷರ ಆಡಿಲ್ಲ. ಕೇಳಿದ್ದನ್ನು ಬರೆದು ತೋರಿಸುತ್ತಾಳೆ, ಹಾಡಿಗೆ ತಲೆಯಾಡಿಸುತ್ತಾಳೆ, ಅದೆಲ್ಲ ನಡೆಯುತ್ತದೆ. ನಡೆಯದ್ದು ಒಂದೇ. ಎದ್ದು ನಿಂತು, ಕೈಯೆತ್ತಿ, ಮೇ ಐ ಗೋ ಟು ಟಾಯ್ಲೆಟ್ ಮಿಸ್ ಎಂದು ಕೇಳದೆ ಆ ಶಾಲೆಯಲ್ಲಿ ಒಂದಕ್ಕೆ ಹೋಗುವಂತಿಲ್ಲ. ಕೇಳಲಾರದೆ ಅವಳು ಕೂತಲ್ಲೇ ಒದ್ದೆ ಮಾಡಿಕೊಳ್ಳುತ್ತಾಳೆ. ಇನ್ನೊಮ್ಮೆ ಆದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಹೋದ ವಾರ ಹೇಳಿದ್ದರು. ಇನ್ನೊಮ್ಮೆ ಆಗಿತ್ತು.

ಎದುರು ಮನೆಯ ಮೈಮುನಾಬಿ ತನ್ನ ಸರದಿಗೆ ಕಾಯುತ್ತ ಬಕೆಟ್ಟಿನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದಳು. ಎರಡು ಮನೆಗೆ ಒಂದೇ ನಳ. ಅರುಣಾ ಒಣ ಬಟ್ಟೆಗಳನ್ನು ಚೀಲಕ್ಕೆ ತುರುಕುತ್ತ, ಸ್ನೇಹಾಗೆ ಸ್ವಲ್ಪ ಜ್ವರವಂತೆ, ಹೋಗಿ ಬರಬೇಕು ಎಂದಳು. ಮುದುಕಿ ಚೀಲದ ಬಾಯಿ ನೋಡಿದಳು.

"ಜ್ವರಕ್ಕ ಚಡ್ಡಿ ಔಷಧ ಏನವಾ?"

ಅರುಣಾಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುದುಕಿ ಮೊಣಕಾಲಿಗೆ ಕೈಕೊಟ್ಟು ಎದ್ದು ಬಂದು, ತುಂಬಿ ಚೆಲ್ಲುತ್ತಿದ್ದ ಕೊಡವನ್ನು ಪಕ್ಕಕ್ಕೆ ಸರಿಸಿದಳು. ನಾವೇನು ಒದ್ದೆ ಮಾಡಿಕೊಳ್ಳದೆ ದೊಡ್ಡವರಾದೆವೇ, ನನ್ನ ಅಸ್ಲಮ್ ಏಳನೇ ವರ್ಷದತನಕ ಹಾಸಿಗೆಯಲ್ಲಿ ಕೆರೆ ಕಟ್ಟುತ್ತಿದ್ದ, ಈಗ ನೋಡು ಲಾರಿ ಹೊಡೆಯುತ್ತಾನೆ ಎಂದಳು. ಆಮೇಲೆ, "ನೀ ಹೋಗು. ತಾಮ್ರದ್ದು ಆದ್ವು. ಇನ್ನ ಸ್ಟೀಲಿನ್ವು, ಆಮ್ಯಾಲೆ ಹಂಡೇದು. ನೋಡೇನಿ ನಾ, ನಳ ಬಂದಾಗೆಲ್ಲಾ" ಎಂದಳು. ಅರುಣಾ ಒಳಗೆ ಹೋಗಿ ಸ್ನೇಹಾನ ಬಾಟಲಿಯನ್ನು ತಾಮ್ರದ ಕೊಡದಲ್ಲಿ ಮುಳುಗಿಸಿ ಹಿಡಿದಳು. ಗುಳ್ಳೆಗಳು ಏಳುವಷ್ಟು ಹೊತ್ತು ಅವಳಿಗೆ ಬಾಗಿಲ ಕಡೆ ತಿರುಗಲು ಆಗಲಿಲ್ಲ.

ಗಲ್ಲಿ ದಾಟಿ ದೊಡ್ಡ ರಸ್ತೆಗೆ ಬಂದರೆ ಊರೆಲ್ಲ ಸೀನುತ್ತಿತ್ತು. ಪೇಟೆಯ ದಿನ. ಚೀಲ ಒಟ್ಟಿದ ಲಾರಿಗಳು ಒಂದರ ಹಿಂದೆ ಒಂದು ನಿಂತಿದ್ದವು. ಗಾಳಿಯಲ್ಲಿ ಮೆಣಸಿನಕಾಯಿಯ ಘಾಟು. ಬ್ಯಾಡಗಿಯಲ್ಲಿ ಈ ಎರಡು ಮೂರು ತಿಂಗಳು ಯಾರ ಕಣ್ಣಲ್ಲಿ ನೀರು ಬಂದರೂ ಯಾಕೆ ಎಂದು ಯಾರೂ ಕೇಳುವುದಿಲ್ಲ. ಅಳಬೇಕೆನ್ನುವವರಿಗೆ ಇಷ್ಟು ಅನುಕೂಲದ ಊರು ಬೇರೆಯಿಲ್ಲ ಎಂದು ಮದುವೆಯಾಗಿ ಬಂದ ಮೊದಲ ವರ್ಷ ಅವಳಿಗೆ ಅನಿಸಿತ್ತು. ಗಂಡನಿಗೆ ಫೋನು ಮಾಡಿದಳು. ದುರುಗೇಶ ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರ ನೋಡಿಕೊಳ್ಳುವವನು. ಹಿಂದೆ ಯಂತ್ರದ ಗುಂಯ್ ಇರುವುದರಿಂದ ಅವನ ಮಾತೆಲ್ಲ ಕೂಗಿದ ಹಾಗೇ ಕೇಳುತ್ತದೆ, ಪ್ರೀತಿಯ ಮಾತೂ. ತಲೆ ತಗ್ಗಿಸಿ ಸಾರಿ ಅಂದು ಬಾ, ವಾದ ಹಾಕಬೇಡ, ಇಲ್ಲಿ ತೆಗೆದರೆ ಹಾವೇರಿಯ ಶಾಲೆಗೇ ಕಳಿಸಬೇಕು, ಅಷ್ಟು ಸಣ್ಣದನ್ನು ವ್ಯಾನಿನಲ್ಲಿ ಹೇಗೆ ಎಂದ. ಸ್ವಲ್ಪ ತಡೆದು, ತನಗೇ ಹಿಡಿಸದ ದನಿಯಲ್ಲಿ, "ಇಡೀ ದಿನ ಮನ್ಯಾಗ ಇರ್ತಿ, ಒಂದ ವಾಕ್ಯ ಕಲಸಾಕ ಆಗಲಿಲ್ಲೇನ?" ಎಂದ.

ಇಡೀ ದಿನ ಮನೆಯಲ್ಲಿ. ಬೇರೆ ಮನೆಗಳಲ್ಲಿ ಹೆಂಗಸು ಮನೆಯಲ್ಲಿರುವುದು ವಾಡಿಕೆ, ಹೊರಗೆ ಹೊರಟರೆ ಸೊಕ್ಕು. ಈ ಮನೆಯಲ್ಲಿ ಅದು ತಿರುವುಮುರುವು. ಅತ್ತೆ ಮರಿಯವ್ವ ಹದಿನಾಲ್ಕನೆಯ ವರ್ಷದಿಂದ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೂಲಿ ಮಾಡಿದವಳು. ಮೂರು ಮಕ್ಕಳನ್ನು ಗೋಣಿತಾಟಿನ ಮೇಲೆ ಮಲಗಿಸಿಯೇ ಬೆಳೆಸಿದವಳು. ಅವಳ ಅತ್ತೆಯೂ ಹಾಗೇ. ಸ್ನೇಹಾ ಹುಟ್ಟಿ ವರ್ಷವಾದ ಮೇಲೂ ಅರುಣಾ ಕೆಲಸಕ್ಕೆ ಹೊರಡುವ ಮಾತೆತ್ತದಿದ್ದಾಗ ಮರಿಯವ್ವ ಎಲೆ ಅಡಿಕೆ ಮೆಲ್ಲುತ್ತ, ನಮ್ಮ ಮನೆತನದಲ್ಲಿ ಕೂತು ಉಂಡ ಹೆಂಗಸು ನೀನೇ ಮೊದಲನೆಯವಳು, ಯಾವ ಊರ ಗೌಡಶಾನಿ ನಮ್ಮ ಮನೆಗೆ ಬಂದಳೋ ಎಂದಿದ್ದಳು. ಅರುಣಾ ಆ ದಿನ ಅತ್ತಿದ್ದಳು. ಎಷ್ಟೋ ತಿಂಗಳ ಮೇಲೆ, ಒಂದು ಮಧ್ಯಾಹ್ನ ಸ್ನೇಹಾಗೆ ಉಣಿಸುತ್ತಿರುವಾಗ, ಯಾಕಾಗಬಾರದು ಎನಿಸಿತು. ಯಾರಾದರೊಬ್ಬಳು ಮೊದಲನೆಯವಳಾಗಲೇಬೇಕಲ್ಲ. ಈ ಮಗುವಿನ ಮೂಗಿಗೆ ಘಾಟು ಹತ್ತದ ಹಾಗೆ, ಅದರ ತುತ್ತು ಮುಗಿಯುವತನಕ ಯಾರೂ ಏಳು ಎನ್ನದ ಹಾಗೆ ಎದುರಿಗೆ ಕೂತಿರುವುದು ಸೊಕ್ಕು ಎನ್ನುವುದಾದರೆ ಆ ಸೊಕ್ಕು ನನಗಿರಲಿ ಎಂದುಕೊಂಡಿದ್ದಳು. ಮಗು ಸಾರು ಬೆರೆಸಿದ ಅನ್ನವನ್ನು ಕೆನ್ನೆಯಲ್ಲಿ ತುಂಬಿಕೊಂಡು, ನುಂಗದೆ, ಇವಳ ಮುಖವನ್ನೇ ನೋಡುತ್ತ ನಗುತ್ತಿತ್ತು. ಮುಕ್ಕಾಲು ಗಂಟೆ ಹಿಡಿದಿತ್ತು ಆ ಊಟ.

ಆದರೆ ಅವಳು ಕೆಲಸ ಬಿಟ್ಟದ್ದು ಮಗುವಿಗಾಗಿ ಎನ್ನುವುದು ಪೂರ್ತಿ ಖರೆಯಲ್ಲ. ಅದನ್ನು ಅವಳು ಯಾರಿಗೂ ಹೇಳಿಲ್ಲ. ಮದುವೆಯಾದ ಮೇಲೂ ಎರಡು ವರ್ಷ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಟ್ಟು, ಸುತ್ತಿ, ಏಳನೆಯ ದಿನ ಬಿಚ್ಚಿ, ಮೊಳೆತದ್ದು ಎಷ್ಟು ಎಂದು ಎಣಿಸುವ ಕೆಲಸ. ಇಷ್ಟಪಟ್ಟು ಮಾಡುತ್ತಿದ್ದಳು. ಬೆಂಡೆಯಲ್ಲಿ ಕೆಲವು ಬೀಜ ಮೊಳೆಯದೆ, ಕೊಳೆಯದೆ, ನೀರನ್ನೇ ಒಳಗೆ ಬಿಟ್ಟುಕೊಳ್ಳದೆ ಹಾಗೇ ಕೂತಿರುತ್ತಿದ್ದವು. ಅವನ್ನು ಸತ್ತವುಗಳ ಜೊತೆ ಸೇರಿಸದೆ ಗಟ್ಟಿ ಬೀಜ ಎಂದು ಬೇರೆ ಸಾಲಿನಲ್ಲಿ ಬರೆಯಬೇಕಿತ್ತು. ಆ ಕಟ್ಟಡದಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ. ಕೀಲಿಕೈ ಸೂಪರ್‌ವೈಜರನ ಮೇಜಿನ ಮೇಲೆ, ಗೇಣುದ್ದದ ಕಟ್ಟಿಗೆ ತುಂಡಿಗೆ ಕಟ್ಟಿ. ಹೋಗಿ, ಅವನೆದುರು ನಿಂತು, ಅವನು ತಲೆ ಎತ್ತುವತನಕ ಕಾದು, ಸರ್ ಕೀಲಿ ಎನ್ನಬೇಕು. ಅವನೇನು ಕೆಟ್ಟವನಲ್ಲ. ಹೊಟ್ಟೆಯಲ್ಲಿ ಸ್ನೇಹಾ ಇದ್ದಾಗ ಅವಳು ಗಂಟೆಗೊಮ್ಮೆ ಹೋಗಿ ನಿಂತರೆ, ಮತ್ತೇ ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆ ನಗು ನೆನಪಾದರೆ ಈಗಲೂ ಕೆನ್ನೆ ಒಳಗಿನಿಂದ ಉರಿಯುತ್ತದೆ. ಆರನೆಯ ತಿಂಗಳ ಒಂದು ಮಧ್ಯಾಹ್ನ, ಆಗಲೇ ನಾಲ್ಕು ಸಲ ಕೇಳಿಯಾಗಿತ್ತು, ಐದನೆಯ ಸಲ ಏಳಲು ಅವಳಿಗೆ ಮನಸ್ಸಾಗಲಿಲ್ಲ. ಅರವತ್ತೊಂದು, ಅರವತ್ತೆರಡು ಎಂದು ಎಣಿಸುತ್ತ ಕೂತೇ ಇದ್ದಳು. ಕುರ್ಚಿಯ ಮೇಲೆ ಬಿಸಿ ಹರಡಿದ್ದು ಅರವತ್ತಮೂರಕ್ಕೆ. ಎಲ್ಲರೂ ಮನೆಗೆ ಹೋಗುವತನಕ ಅವಳು ಏಳಲಿಲ್ಲ. ಮರುದಿನ, ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ ಎಂದು ಎಲ್ಲರನ್ನೂ ನಂಬಿಸಿದಳು.

ಅದಕ್ಕೇ ಇರಬೇಕು, ಜುಲೈನಲ್ಲಿ ಮೊದಲ ಸಲ ಸ್ನೇಹಾ ಬೇರೆ ಮಕ್ಕಳ ನಗುವಿನ ನಡುವೆ ಒದ್ದೆ ಬಟ್ಟೆಯಲ್ಲಿ ನಿಂತದ್ದನ್ನು ಕಂಡಾಗ ಅವಳ ಬುದ್ಧಿ ಕೆಲಸ ಮಾಡಲಿಲ್ಲ. ಏನಾದರೂ ಸರಿ, ಇನ್ನೊಮ್ಮೆ ಆಗಬಾರದು. ಮರಿಯವ್ವನ ಬಳಿ ಉಪಾಯ ಸಿದ್ಧವಾಗಿತ್ತು. ತುಂಬು ಬಿಡಿಸಲು ಹೋಗುವ ಹೆಂಗಸರು ನಸುಕಿನಿಂದ ಮಧ್ಯಾಹ್ನದತನಕ ನೀರು ಮುಟ್ಟುವುದಿಲ್ಲ, ಚಹಾ ಕೂಡ ಎರಡೇ ಗುಟುಕು. ಕಾಯಿ ಹರವಿದ ಬಯಲಿನಲ್ಲಿ ಎದ್ದು ಹೋಗಲು ಮರೆಯಿಲ್ಲ. ಎದ್ದರೆ ಮೇಸ್ತ್ರಿಯ ಕಣ್ಣು. ಹೊರಗೆ ಹೋಗುವ ಹೆಣ್ಣಿಗೆ ಮುಂಜಾನೆಯ ನೀರು ವೈರಿ ಎಂದು ಮರಿಯವ್ವ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತ ಹೇಳಿದ್ದಳು, ಒಗ್ಗರಣೆಗೆ ಎಷ್ಟು ಸಾಸಿವೆ ಎಂದು ಹೇಳುವ ಹಾಗೆ. ಅರುಣಾ ಅದನ್ನು ಕೇಳಿ ಸಿಟ್ಟಾದಳು, ಮರುದಿನ ಅದನ್ನೇ ಮಾಡಿದಳು. ಮೊದಲು ಮುಕ್ಕಾಲು ಲೋಟ, ಆಮೇಲೆ ಅರ್ಧ. ಮೂರು ತಿಂಗಳು ಫೋನು ಬರಲಿಲ್ಲ. ಅವಳಿಗೆ ಹೆಮ್ಮೆಯೂ ಆಯಿತು. ಡಿಸೆಂಬರಿನಲ್ಲಿ ಸ್ನೇಹಾ ಬಚ್ಚಲಲ್ಲಿ ಕೂತು, ಉರಿಯುತ್ತದೆ ಎಂದು ಕಿರುಚಿದಳು, ಜ್ವರ ಬಂತು, ಹಾವೇರಿಯ ಡಾಕ್ಟರಲ್ಲಿಗೆ ಹೋದರು. ನಾಲಿಗೆ ನೋಡಿದರು, ಕಿವಿ ನೋಡಿದರು, ಮಾತಿಗೆ ಏನೂ ತೊಂದರೆಯಿಲ್ಲ, ಅಂಜಿಕೆ, ಹೋಗುತ್ತದೆ ಎಂದರು. ನೀರು ಚೆನ್ನಾಗಿ ಕುಡಿಯುತ್ತಾಳೆ ಅಲ್ಲವೇ ಎಂದು ಕೇಳಿದರು. ಕುಡಿಯುತ್ತಾಳೆ ಎಂದಳು ಅರುಣಾ. ತೊಡೆಯ ಮೇಲೆ ಕೂತಿದ್ದ ಸ್ನೇಹಾ ತಲೆ ಹಿಂದಕ್ಕೆ ಚೆಲ್ಲಿ ಅವಳ ಗದ್ದವನ್ನು ನೋಡಿದಳು. ಪರರೆದುರು ಬಾಯಿ ಬಿಡದ ಮಗು, ಏನೂ ಹೇಳಲಿಲ್ಲ. ಯಾವ ಮೌನವನ್ನು ಬಿಡಿಸಲು ಆಸ್ಪತ್ರೆ ದೇವರು ಎಂದು ತಿರುಗುತ್ತಿದ್ದಳೋ ಆ ಮೌನ ಆ ದಿನ ಅವಳ ಮಾನ ಉಳಿಸಿತು. ವಾಪಸು ಬಸ್ಸು ಹತ್ತುವ ಮೊದಲು ಮಗುವಿಗೆ ಎಳನೀರು ಕುಡಿಸಿದಳು, ಒಂದಾದ ಮೇಲೆ ಇನ್ನೊಂದು. ವಾರವೆಲ್ಲ ತುಂಬು ಲೋಟ. ಆಮೇಲೆ ಮತ್ತೆ ಅರ್ಧ.

ಮರಿಯವ್ವ ಕದರಮಂಡಲಗಿಯ ಹನುಮಪ್ಪನಿಗೆ ಹರಕೆ ಹೊತ್ತಿದ್ದಳು. ಮೊಮ್ಮಗಳು ಬಾಯಿ ಬಿಟ್ಟರೆ ಗಂಟೆ ಕಟ್ಟಿಸುತ್ತೇನೆ ಎಂದು. ಮನೆಯಲ್ಲಿ ಸ್ನೇಹಾನ ಬಾಯನ್ನು ಕೇಳಿದವರಾರೂ ಈ ಹರಕೆಗೆ ನಗದೆ ಇರಲಾರರು. ಮೂರೂವರೆಗೆ ಆಟೋದಿಂದ ಇಳಿದು, ಹೊಸ್ತಿಲ ಮೇಲೆ ಬೂಟು ಕಳಚುತ್ತಲೇ ಶುರು. ಇವತ್ತು ಯಾರ ಡಬ್ಬಿಯಲ್ಲಿ ಏನಿತ್ತು, ಯಾರ ಹಲ್ಲು ಬಿತ್ತು, ಬಿದ್ದ ಹಲ್ಲನ್ನು ಅವನು ಮಿಸ್ಸಿನ ಪುಸ್ತಕದಲ್ಲಿ ಇಟ್ಟದ್ದು ಮಿಸ್ಸಿಗೆ ಇನ್ನೂ ಗೊತ್ತಿಲ್ಲ. ಹಲ್ಲಿಗೆ ಅಪ್ಪ ಇರುತ್ತಾನಾ, ಮೆಣಸಿನಕಾಯಿಗೆ ತಾನು ಖಾರ ಎಂದು ಗೊತ್ತಾ, ಅಜ್ಜಿ ಸಣ್ಣವಳಿದ್ದಾಗ ಅಜ್ಜಿಯ ಹೆಸರು ಏನಿತ್ತು. ರೊಟ್ಟಿಯ ಹಿಟ್ಟನ್ನು ಕೈಯಲ್ಲಿ ಹಿಡಿದೇ ಅರುಣಾ ಕೇಳುತ್ತಾಳೆ. ಬೊಂಬೆಗಳನ್ನು ಗೋಡೆಗೆ ಒರಗಿಸಿ ಇಬ್ಬರೂ ಶಾಲೆ ಆಡುತ್ತಾರೆ; ಸ್ನೇಹಾ ಮಿಸ್ಸು, ಅರುಣಾ ದಡ್ಡ ಹುಡುಗಿ. ಆಮೇಲೆ ಅದಲುಬದಲು. ಆಗ ಸ್ನೇಹಾ ಕೈಯೆತ್ತಿ, ಓಣಿಗೇ ಕೇಳುವ ಹಾಗೆ, ಮೇ ಐ ಗೋ ಟು ಟಾಯ್ಲೆಟ್ ಮಿಸ್ ಎನ್ನುತ್ತಾಳೆ, ಅನುಮತಿಗೂ ಕಾಯದೆ ಓಡಿಹೋಗಿ ಬಾಗಿಲ ಹಿಂದೆ ನಿಂತು ನಗುತ್ತಾಳೆ. ಹೊರಗಿನವರು ಬಂದರೆ ಮಾತ್ರ ಅವಳು ಅರುಣಾಳ ಸೆರಗು ಜಗ್ಗಿ, ಕಿವಿ ಕೆಳಗೆ ಬರಿಸಿ, ಉಸಿರಲ್ಲಿ ಹೇಳುತ್ತಾಳೆ. ಅರುಣಾ ಅದನ್ನು ದೊಡ್ಡ ದನಿಯಲ್ಲಿ ಹೊರಗೆ ಹೇಳುತ್ತಾಳೆ. ಆ ಬಿಸಿ ಉಸಿರು ಕಿವಿಗೆ ತಾಗುವ ಗಳಿಗೆ ಅವಳಿಗೆ ಸುಖ. ಲೋಕದಲ್ಲಿ ಒಂದು ಜೀವ ತನಗೊಬ್ಬಳಿಗೇ ಮಾತಾಡುತ್ತದೆ. ಈ ಸುಖಕ್ಕಾಗಿಯೇ ನಾನು ಇವಳ ಬಾಯಿಯನ್ನು ನನ್ನ ಕಿವಿಗೆ ಕಟ್ಟಿಹಾಕಿದ್ದೇನೋ ಎಂದು ಒಮ್ಮೊಮ್ಮೆ ಪಾತ್ರೆ ತಿಕ್ಕುವಾಗ ಅನಿಸಿ ಕೈ ನಿಲ್ಲುತ್ತದೆ.

ಶಾಲೆಯ ತಿರುವಿಗೆ ಮೊದಲು ಒಬ್ಬ ವ್ಯಾಪಾರಿಯ ಬಯಲು. ಕೆಂಪಗೆ ಹರವಿದ ಕಾಯಿಯ ಅಂಚಿನಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದರು. ತುಂಬು ಮುರಿಯುವ ಚಟ್ ಚಟ್ ಸದ್ದು. ಅರುಣಾ ಮುಖ ತಿರುಗಿಸಿ ದಾಟಿ ಹೋಗುವವಳಿದ್ದಳು. ಮರಿಯವ್ವ ಬಟ್ಟೆ ಕೆಳಗೆ ಎಳೆದು, ನಳ ಬರಲಿಲ್ಲವೇ, ಎಲ್ಲಿಗೆ ಹೊರಟೆ ಎಂದು ಕೇಳಿದಳು. ಈ ಸಲ ಜ್ವರ ಎನ್ನಲು ಅರುಣಾಗೆ ಮನಸ್ಸಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುತ್ತ ನಾಲ್ಕಾರು ಕೈಗಳು ನಿಂತವು.

"ನೀರೆಷ್ಟ ಕೊಟ್ಟಿದ್ದಿ?" ಎಂದಳು ಮರಿಯವ್ವ.

"ಅರ್ಧಾ ಲೋಟ."

"ಅರ್ಧಾ ಯಾಕ ಕೊಟ್ಟಿ? ಬರೇ ಬಾಯಿ ಮುಕ್ಕಳಿಸಿ ಕಳಸ್ಬೇಕಿಲ್ಲ?"

ಪಕ್ಕದಲ್ಲಿದ್ದ ಹೆಂಗಸು ತಲೆ ಎತ್ತದೆಯೇ, "ಮರಿಯವ್ವ, ನಿನ್ನ ಮೊಮ್ಮಗಳ್ನೂ ಇಲ್ಲೇ ಕಾಯಿ ಜೋಡಿ ಒಣಾಕ ಹಾಕಿಬಿಡ" ಎಂದಳು. ಸಾಲೆಲ್ಲ ನಕ್ಕಿತು. ಕೆಟ್ಟ ಮನಸ್ಸಿನ ನಗುವಲ್ಲ, ಒಬ್ಬರ ಕಷ್ಟವನ್ನು ಎಲ್ಲರೂ ಬಲ್ಲವರಾಗಿರುವಾಗ ಬರುವ ನಗು. ನಗಲು ಬಟ್ಟೆ ಸರಿಸಿದವರ ತುಟಿಗಳು ಅರುಣಾಳ ಕಣ್ಣಿಗೆ ಬಿದ್ದವು. ಒಂದೊಂದೂ ಬಿಳಿಚಿ, ಬಿರಿದು, ಮೂಲೆಯಲ್ಲಿ ಉಗುಳು ಒಣಗಿ. ಮರಿಯವ್ವನವೂ. ಎಂಟು ವರ್ಷ ಒಂದೇ ಮನೆಯಲ್ಲಿದ್ದು ಆ ತುಟಿಗಳನ್ನು ಅವಳು ನೋಡಿಯೇ ಇರಲಿಲ್ಲ. ಅವುಗಳಿಂದ ಬರುವ ಮಾತನ್ನಷ್ಟೇ ಕೇಳಿ ಮನಸ್ಸಿನಲ್ಲಿ ಜಗಳವಾಡಿಕೊಂಡಿದ್ದಳು. ಮನೆಯಲ್ಲಿ ಕೂತು ಉಣ್ಣುವವಳು ತಾನು, ಇವರೆಲ್ಲರಿಗಿಂತ ಬೇರೆ ಎಂದು ಎಷ್ಟು ಹಟ ಮಾಡಿದ್ದಳು. ಮಗುವಿನ ಬಾಯಿಂದ ಲೋಟ ಕಿತ್ತುಕೊಳ್ಳುವಾಗ ಮಾತ್ರ ಈ ಸಾಲಿನಲ್ಲೇ ಒಂದು ಗೋಣಿತಾಟು ಹಾಸಿ ಮಗಳನ್ನೂ ಕೂರಿಸಿದ್ದಳು. ಅವಳು ಚೀಲದಿಂದ ಬಾಟಲಿ ತೆಗೆದು ಚಾಚಿದಳು. ಕುಡಿಯಿರಿ ಅತ್ತೀ ಎಂದಳು. ಮರಿಯವ್ವ ಬಾಟಲಿಯನ್ನು ನೋಡಿದಳು, ರಸ್ತೆಯಾಚೆಯ ಜಾಲಿಕಂಟಿಯನ್ನು ನೋಡಿದಳು, ಮೇಸ್ತ್ರಿ ನಿಂತಿದ್ದ ಕಡೆ ನೋಡಿದಳು. ಮೂರು ಗಂಟೆಯ ಮೇಲೆ ಕುಡಿಯುತ್ತೇನೆ, ನೀನು ಹೋಗು ಎಂದಳು. ಸಿಟ್ಟಿನಿಂದಲ್ಲ.

"ನಾಳಿಂದ ಆಕಿಗೆ ತುಂಬ ಲೋಟ ಕೊಡ್ತೀನಿ ಅತ್ತೀ. ಒದ್ದಿ ಮಾಡ್ಕೊಂಡ್ರ ಮಾಡ್ಕೊಳ್ಲಿ, ಒಗ್ಯಾಕ ನಾ ಮನ್ಯಾಗ ಅದೀನಿ."

ಮರಿಯವ್ವ ಬಟ್ಟೆಯನ್ನು ಮತ್ತೆ ಮೂಗಿಗೆ ಏರಿಸಿಕೊಂಡಳು. ಚಟ್ ಎಂದಿತು ಒಂದು ತುಂಬು.

ಶಾಲೆಯ ಉದ್ದ ಪಡಸಾಲೆಯಲ್ಲಿ, ಹೆಡ್ ಮಿಸ್ಸಿನ ಕೋಣೆಯ ಹೊರಗಿನ ಬೆಂಚಿನ ಮೇಲೆ ಸ್ನೇಹಾ ಕೂತಿದ್ದಳು, ತೊಡೆಯ ಮೇಲೆ ಪಾಟಿಚೀಲ ಅಡ್ಡ ಇಟ್ಟುಕೊಂಡು. ಕೂತು ಒಂದು ತಾಸಾಗಿರಬೇಕು. ಕಾಲುಚೀಲ ಆಗಲೇ ಅರ್ಧ ಒಣಗಿತ್ತು. ತಾಯಿಯನ್ನು ನೋಡಿ ಅಳಲಿಲ್ಲ, ಎದ್ದೂ ನಿಲ್ಲಲಿಲ್ಲ. ಚೀಲವನ್ನು ಇನ್ನಷ್ಟು ಒತ್ತಿ ಹಿಡಿದಳು. ಅರುಣಾ ಕೈಹಿಡಿದು ಎಬ್ಬಿಸಿ, ಪಡಸಾಲೆಯ ತುದಿಯ ಶೌಚಾಲಯಕ್ಕೆ ಕರೆದುಕೊಂಡು ಹೋದಳು. ಬಾಗಿಲಲ್ಲಿ ನಿಂತಿದ್ದ ಕೆಲಸದವಳು ಯಾರನ್ನು ಕೇಳಿದಿರಿ ಎಂಬಂತೆ ನೋಡಿದಳು, ಅರುಣಾ ದಾಟಿಕೊಂಡು ಹೋದಳು. ತೊಡೆ ತೊಳೆದು, ಒರೆಸಿ, ಬಟ್ಟೆ ಬದಲಿಸಿ, ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು. ಸ್ನೇಹಾ ಕುಡಿದಳು. ಅರ್ಧಕ್ಕೆ ಬಂದು, ಅಭ್ಯಾಸದಂತೆ ತಾನೇ ನಿಲ್ಲಿಸಿ, ಬಾಟಲಿ ವಾಪಸು ಚಾಚಿದಳು. ಅರುಣಾ ಅದನ್ನು ಮತ್ತೆ ಅವಳ ಕೈಗೇ ಕೊಟ್ಟಳು. ಎಲ್ಲಾ ಕುಡಿ ಎಂದಳು. ಮಗು ಇದು ಪರೀಕ್ಷೆಯೋ ಏನೋ ಎಂದು ಒಂದು ಗಳಿಗೆ ತಡೆದು, ಆಮೇಲೆ ತಳದ ಹನಿಯತನಕ ಕುಡಿದು, ಬಾಯಿ ಒರೆಸಿಕೊಂಡು, ಮೆಲ್ಲಗೆ ತೇಗಿತು.

ಅವರು ಒಳಗೆ ಹೋದಾಗ ಹೆಡ್ ಮಿಸ್ಸಿನ ಕುರ್ಚಿ ಖಾಲಿಯಿತ್ತು. ಫ್ಲಶ್ ಮಾಡಿದ ಸದ್ದಾಯಿತು, ಕುರ್ಚಿಯ ಹಿಂದಿನ ಸಣ್ಣ ಬಾಗಿಲು ತೆರೆದು ಅವರು ಹೊರಬಂದರು, ಕೈಯನ್ನು ಕರವಸ್ತ್ರಕ್ಕೆ ಒರೆಸುತ್ತ. ಕುಂದ್ರಿ ಎಂದು ಮರ್ಯಾದೆಯಿಂದಲೇ ಹೇಳಿದರು. ಒಂದು ಕ್ಲಾಸಿಗೆ ನಲವತ್ತು ಮಕ್ಕಳು, ಕೇಳದೆ ಎದ್ದು ಹೋಗಲು ಬಿಟ್ಟರೆ ಯಾವುದು ಎಲ್ಲಿದೆ ಎಂದು ತಿಳಿಯುವುದಿಲ್ಲ, ನಾಳೆ ಏನಾದರೂ ಆದರೆ ಯಾರು ಹೊಣೆ. ಬೇರೆ ಪಾಲಕರು ವಾಸನೆ ಎಂದು ದೂರು ಕೊಟ್ಟಿದ್ದಾರೆ. ಇದೆಲ್ಲ ಸುಳ್ಳಲ್ಲ ಎಂದು ಅರುಣಾಗೂ ಗೊತ್ತಿತ್ತು. ತಪ್ಪಾಯಿತು ಎಂಬ ಮಾತನ್ನು ಅವಳು ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಇಟ್ಟುಕೊಂಡೇ ಬಂದಿದ್ದಳು.

"ಈ ವರ್ಷ ಮನ್ಯಾಗ ಇಟ್ಟುಕೊಳ್ರಿ ಸ್ನೇಹಾನ ತಾಯಿ. ನೀವು ಹೆಂಗೂ ಮನ್ಯಾಗ ಖಾಲಿ ಇರ್ತೀರಿ."

ಖಾಲಿ ಎಂಬ ಮಾತು ಅವಳ ನಾಲಿಗೆಯ ಮೇಲಿದ್ದುದನ್ನು ತಳ್ಳಿಹಾಕಿತು. ಅವಳು ಮಾತಾಡತೊಡಗಿದಾಗ ದನಿ ಅವಳಿಗೇ ಹೊಸದಾಗಿ ಕೇಳಿತು. ತನ್ನ ಹೆಸರು ಅರುಣಾ ಎಂದಳು. ಮಗು ಇಲ್ಲಿ ಕೇಳಲಾರದು ಎಂದು ಏಳು ತಿಂಗಳು ಬೆಳಗಿನ ನೀರು ಕಡಿಮೆ ಮಾಡಿ ಕಳಿಸಿದ್ದೇನೆ, ಅದರಿಂದ ಉರಿಮೂತ್ರವಾಯಿತು, ಡಾಕ್ಟರಿಗೂ ಸುಳ್ಳು ಹೇಳಿದೆ ಎಂದಳು. ಹೀಗೆ ಹೇಳುವಾಗ ಸ್ನೇಹಾ ಪಕ್ಕದಲ್ಲೇ ನಿಂತು ಕೇಳುತ್ತಿದ್ದಾಳೆಂದು ಗೊತ್ತಿದ್ದೂ ನಿಲ್ಲಿಸಲಿಲ್ಲ. ಇನ್ನು ಮೇಲೆ ಹಾಗೆ ಕಳಿಸುವುದಿಲ್ಲ, ತುಂಬ ಕುಡಿಸಿಯೇ ಕಳಿಸುತ್ತೇನೆ, ಒಂದಕ್ಕೆ ಬಂದಾಗ ಅವಳು ಎದ್ದು ಹೋಗುತ್ತಾಳೆ, ಕೇಳುವುದಿಲ್ಲ. ಬೇಕಾದರೆ ಹೋಗುವಾಗ ಮಿಸ್ಸಿನ ಮೇಜಿನ ಮೇಲೆ ಒಂದು ಚೀಟಿ ಇಟ್ಟು ಹೋಗುತ್ತಾಳೆ, ಬರೆಯಲು ಬರುತ್ತದೆ. ಹೆಸರು ತೆಗೆಯುವುದಾದರೆ ಕಾರಣವನ್ನು ಕಾಗದದ ಮೇಲೆ ಬರೆದುಕೊಡಿ, ಒಂದಕ್ಕೆ ಹೋಗಲು ಕೇಳಲಿಲ್ಲವೆಂದು ತೆಗೆದೆವು ಎಂದು. ಹೆಡ್ ಮಿಸ್ಸಿನ ಮುಖದಲ್ಲಿ ಸಿಟ್ಟು ಬಂದು, ತಡೆದು, ಇನ್ನೇನೋ ಆಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬಾಗಿಲಲ್ಲಿ ನಿಂತಿದ್ದ ಗುತ್ತಲದ ಮಿಸ್ಸು ನೆಲ ನೋಡುತ್ತಿದ್ದಳು. ಆಗಲಿ, ಒಂದು ಕೆಲಸ ಮಾಡೋಣ ಎಂದರು ಹೆಡ್ ಮಿಸ್ಸು. ಇಂಗ್ಲಿಷು ಬೇಡ. ಕನ್ನಡದಲ್ಲೇ, ನನ್ನ ಮುಂದೆ, ಒಂದೇ ಸಲ ಕೇಳಲಿ. ಬಾಯಿ ಇದೆ ಎಂದು ತೋರಿಸಲಿ. ಮುಂದಿನದು ನೋಡೋಣ.

ಎಲ್ಲರೂ ಸ್ನೇಹಾನನ್ನು ನೋಡಿದರು. ಆ ನೋಟದಡಿಯಲ್ಲಿ ಮಗುವಿನ ಕುತ್ತಿಗೆ ಭುಜದೊಳಗೆ ಇಳಿಯಿತು. ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹೆಣೆದುಕೊಂಡಿತು. ಅರುಣಾಳ ಸೆರಗು ಜಗ್ಗಿತು. ಅವಳು ಬಾಗಿದಳು, ಕಿವಿ ಕೊಟ್ಟಳು. ಬಿಸಿ ಉಸಿರು ತಾಗಿತು, ಏಳೆಂಟು ಶಬ್ದ. ಕೇಳಿದ ಮೇಲೆ ಅವಳಿಗೆ ಒಳಗಿನಿಂದ ನಗು ಉಕ್ಕಿ ಬಂತು, ತಡೆದುಕೊಂಡಳು. ಏನಂದಳು ಎಂದರು ಹೆಡ್ ಮಿಸ್ಸು. ಇಷ್ಟು ದಿನ ಈ ಮಗುವಿನ ಮಾತನ್ನೆಲ್ಲ ಅವಳೇ ಹೊತ್ತು ಹಾಕಿದ್ದಳು. ದಾರಿಯಲ್ಲಿ ಮೂಲೆ ತಟ್ಟಿ, ನಯ ಮಾಡಿ, ಎದುರಿನವರಿಗೆ ನೋಯದ ಹಾಗೆ. ಇದನ್ನೂ ಹಾಗೆ ಮಾಡಬಹುದಿತ್ತು. ಕೇಳಿದಳು ರೀ, ಹೋಗಲೇ ಎಂದು ಕೇಳಿದಳು, ಎಂದು ಒಂದು ಸುಳ್ಳು ಹೇಳಿದರೆ ಎಲ್ಲ ಮುಗಿಯುತ್ತಿತ್ತು. ಅವಳು ಮಗುವಿನ ಬೆನ್ನ ಮೇಲಿಟ್ಟಿದ್ದ ಕೈ ತೆಗೆದಳು.

"ನನ್ನ ಬಾಯಿಂದ ಬ್ಯಾಡ್ರಿ" ಎಂದಳು. "ಆಕೀದು ಆಕೀನ ಕೇಳ್ಲಿ."

ಎಂದು ಹೇಳಿ ನೆಟ್ಟಗೆ ನಿಂತಳು, ಕಿವಿ ಎಟುಕದ ಹಾಗೆ. ಸ್ನೇಹಾ ಮೇಲೆ ನೋಡಿದಳು. ಸೆರಗನ್ನು ಮತ್ತೊಮ್ಮೆ ಜಗ್ಗಿದಳು. ಅರುಣಾ ಬಾಗಲಿಲ್ಲ. ಬಾಗದೆ ನಿಲ್ಲುವುದು ಇಷ್ಟು ಕಷ್ಟವಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಬೆನ್ನೆಲುಬು ತಾನಾಗಿ ಬಗ್ಗಹತ್ತಿತ್ತು. ಮೇಲೆ ಪಂಖಾ ತಿರುಗುತ್ತಿತ್ತು. ಹೊರಗೆ ಯಾವುದೋ ಕ್ಲಾಸಿನಲ್ಲಿ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸೀನಿದರು. ಸ್ನೇಹಾ ಸೆರಗು ಬಿಟ್ಟಳು. ಹೆಣೆದ ಕಾಲನ್ನು ಬಿಡಿಸಿ ನೆಲಕ್ಕೆ ಊರಿದಳು. ಹೆಡ್ ಮಿಸ್ಸಿನ ಕುರ್ಚಿಯ ಹಿಂದಿನ ಸಣ್ಣ ಬಾಗಿಲನ್ನು ನೋಡಿದಳು, ಆಮೇಲೆ ಅವರ ಮುಖವನ್ನು ನೋಡಿದಳು. ದನಿ ಬಂದಾಗ ಅದು ಮನೆಯ ದನಿಯಾಗಿರಲಿಲ್ಲ. ಒರಟಾಗಿತ್ತು, ಅಲ್ಲಲ್ಲಿ ಒಡೆದಿತ್ತು, ಆದರೆ ಬಾಗಿಲಲ್ಲಿದ್ದ ಮಿಸ್ಸಿಗೂ ಕೇಳುವಷ್ಟಿತ್ತು.

"ಮಿಸ್, ನಿಮಗ ಒಂದಕ್ಕ ಬಂದ್ರ ನೀವು ಯಾರ್ನ ಕೇಳ್ತೀರಿ?"